ಮೂವತ್ತರ ಲಾಳಿಕೆ

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುವುದು. ಕೊರಳಲ್ಲಿ ಇಂಚು ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ತರಕಾರಿ ತರಲು ಹೋದರೂ ಟೇಪು, ಮಗಳ ಶಾಲೆಗೆ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಹೋದರೂ ಟೇಪು. ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗದಲ್ಲಿ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಬಿಸ್ಕತ್ತಿನ ಡಬ್ಬಿಗಳ ತುಂಬ ಗುಂಡಿ, ಉದ್ದನೆಯ ಕನ್ನಡಿ, ಅಳತೆ ಕೊಡುವವರಿಗೆಂದು ಮೂಲೆಯಲ್ಲೊಂದು ಪರದೆ. ಮೇಲಿನ ಮನೆಯ ಮಕ್ಕಳು ಮೆಟ್ಟಿಲು ಇಳಿದರೆ ಅವಳ ತಲೆಯ ಮೇಲೆ ಧಡಧಡ ಸದ್ದು. "ನಿಧಾನಕ್ಕೆ ಇಳೀರೋ, ನನ್ನ ತಲೆ ಏನು ಮದ್ದಳೆನಾ?" ಎಂದು ಕೂತಲ್ಲಿಂದಲೇ ಕೂಗುತ್ತಾಳೆ. ಕೈಯಲ್ಲಿರುವ ಕತ್ತರಿಗಿಂತ ಬಾಯಲ್ಲಿರುವುದೇ ಹರಿತ ಎಂದು ಗಿರಾಕಿಗಳು ಗೊಣಗುತ್ತಾರೆ. ಗೊಣಗಿಕೊಂಡೇ ಅವಳ ಹತ್ತಿರ ಬರುತ್ತಾರೆ, ಯಾಕೆಂದರೆ ಅವಳು ಹೊಲಿದ ಬಟ್ಟೆ ಮೈಗೆ ಎಲ್ಲಿಯೂ ಕಚ್ಚುವುದಿಲ್ಲ.

ಅದರ ಗುಟ್ಟು ದೊಡ್ಡದೇನಲ್ಲ. ಟೇಪಕ್ಕ ಅಳತೆ ತೆಗೆದು ಅದಕ್ಕೆ ಒಂದಿಷ್ಟು ಸಡಿಲ ಸೇರಿಸುತ್ತಾಳೆ. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ಮೈ ಅನ್ನೋದು ಮರ ಅಲ್ಲ ಕಣಮ್ಮ. ಉಸಿರಾಡುತ್ತೆ, ಕೂರುತ್ತೆ, ಏಳುತ್ತೆ. ಬಿಗಿ ಆಯ್ತು ಅಂದ್ರೆ ಬಟ್ಟೆ ಹೋಯ್ತು. ಸಡಿಲ ಆದ್ರೆ ಒಂದು ಹೊಲಿಗೆ ಹಾಕಿ ಹಿಡೀಬಹುದು." ಇಪ್ಪತ್ತೈದು ವರ್ಷ ಆ ಮಾತು ಅವಳಿಗೆ ಮೋಸ ಮಾಡಿಲ್ಲ. ಒಂದು ಸಲ ಮಾಡಿತು. ಆ ಒಂದು ಸಲಕ್ಕೆ ಒಬ್ಬ ಮುದುಕಿ ಬೆಲೆ ತೆತ್ತಳು, ತೆರುತ್ತಲೇ ಸತ್ತಳು.

ಹನ್ನೆರಡು ವರ್ಷದ ಹಿಂದೆ ಟೇಪಕ್ಕನಿಗೆ ಹೆರಿಗೆಯಾದದ್ದು ಏಳೂವರೆ ತಿಂಗಳಿಗೆ. ಯಂತ್ರದ ಮುಂದೆ ಕೂತಿದ್ದಾಗಲೇ ನೋವು ಬಂತು. ಯಾರದೋ ಕೋಟಿನ ತೋಳು ಸೂಜಿಯ ಕೆಳಗೇ ಉಳಿಯಿತು. ಹುಟ್ಟಿದ ಹೆಣ್ಣುಕೂಸು ಅಂಗೈಗಿಂತ ಒಂದಿಷ್ಟು ದೊಡ್ಡದು. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಅದನ್ನು ಆಚೆಯಿಂದ ನೋಡಿ ಅತ್ತೆ, "ಅಯ್ಯೋ, ಒಂದು ಗುಂಡಿಯಷ್ಟಿದೆಯಲ್ಲೇ ನನ್ನವ್ವ" ಎಂದಳು. ಮನೆಯಲ್ಲಿ ಆ ಹೆಸರೇ ನಿಂತಿತು, ಗುಂಡಿ.

ಕೂಸಿಗೆ ಚೀಪುವ ಶಕ್ತಿ ಇರಲಿಲ್ಲ. ಮೂಗಿನಲ್ಲಿ ಇಳಿಬಿಟ್ಟ ಸಣ್ಣ ಕೊಳವೆಯಿಂದ ತಾಯಿಯ ಹಾಲು ಹೋಗಬೇಕು, ಎರಡೆರಡು ಗಂಟೆಗೆ. "ಈಗ ನಿಮ್ಮ ಹಾಲೇ ಔಷಧಿ" ಎಂದರು ಡಾಕ್ಟರು. ತಾಯಂದಿರಿಗೆಂದು ಒಂದು ಕೋಣೆ ಇತ್ತು: ಎಂಟು ಪ್ಲಾಸ್ಟಿಕ್ ಕುರ್ಚಿ, ನಡುನಡುವೆ ಹಸಿರು ಪರದೆ, ಒಂದು ಸಿಂಕು, ಚಕ್ರದ ಸ್ಟ್ಯಾಂಡಿನ ಮೇಲೆ ಹಾಲು ಎಳೆಯುವ ಪಂಪು. ಪಂಪಿನ ತುದಿಗೆ ಎದೆಗೆ ಇಟ್ಟುಕೊಳ್ಳುವ ಒಂದು ಭಾಗ. ನರ್ಸುಗಳು ಅದನ್ನು ಫನೆಲ್ ಎನ್ನುತ್ತಿದ್ದರು. ಅಗಲ ಬಾಯಿ, ಕೆಳಗೆ ಸಣ್ಣ ಕೊಳವೆ, ನೋಡಿದರೆ ಎಣ್ಣೆ ಸುರಿಯುವ ಲಾಳಿಕೆಯೇ. ಮೊಲೆತೊಟ್ಟು ಆ ಕೊಳವೆಯೊಳಗೆ ಹೋಗಿ ಬರಬೇಕು, ಆಗ ಹಾಲು ಇಳಿಯುತ್ತದೆ.

ಆಸ್ಪತ್ರೆಯ ಲಾಳಿಕೆ ಗಟ್ಟಿ ಪ್ಲಾಸ್ಟಿಕ್ಕಿನದು, ಇಪ್ಪತ್ತನಾಲ್ಕು ಮಿಲಿಮೀಟರಿನದು, ಬಂದವರಿಗೆಲ್ಲ ಅದೇ. ಇಟ್ಟುಕೊಂಡ ಮೊದಲ ದಿನವೇ ಟೇಪಕ್ಕನಿಗೆ ಜೀವ ಹೋದಂತಾಯಿತು. ತೊಟ್ಟಿನ ಸುತ್ತ ಕೆಂಪು ಬಳೆಯಂತೆ ಗಾಯ ಎದ್ದಿತು. ಬೇರೆ ಯಾರೇ ಆಗಿದ್ದರೂ ನರ್ಸನ್ನು ಕರೆದು ಯಾಕೆ ಹೀಗೆ ಎಂದು ಕೇಳುತ್ತಿದ್ದರು. ಟೇಪಕ್ಕ ಯಾಕೆ ಕೇಳುತ್ತಾಳೆ? ಅವಳಿಗೆ ಗೊತ್ತಿಲ್ಲವೇ! ನೋಯುತ್ತದೆ ಅಂದರೆ ಬಿಗಿ. ಬಿಗಿ ಅಂದರೆ ಬಿಚ್ಚಿ ಸಡಿಲ ಮಾಡಬೇಕು.

ಮಾರನೆಯ ದಿನ ಆಸ್ಪತ್ರೆಯ ಎದುರಿನ ಅಂಗಡಿಗೆ ಹೋಗಿ ಸಿಲಿಕೋನಿನ ಲಾಳಿಕೆ ಕೇಳಿದಳು. ಅಂಗಡಿಯವನು ನಾಲ್ಕಾರು ಪೊಟ್ಟಣ ಮುಂದೆ ಹಾಕಿದ. ಹದಿನೇಳರಿಂದ ಮೂವತ್ತರವರೆಗೆ ಇದ್ದವು. ಒಂದೊಂದನ್ನೂ ಬೆರಳ ನಡುವೆ ಬಟ್ಟೆಯಂತೆ ತಿಕ್ಕಿ ನೋಡಿದಳು. ಮಗುವಿನ ಕಿವಿಯಂತೆ ಮೆತ್ತಗಿದ್ದವು. ಆಸ್ಪತ್ರೆಯ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ತನ್ನದೇ ಟೇಪಿನಿಂದ ಅಳತೆ ತೆಗೆದಿದ್ದಳು. ತೊಟ್ಟನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಅಡ್ಡಕ್ಕೆ ಒಂದಿಂಚು. ಅಂದರೆ ಇಪ್ಪತ್ತೈದು. ಅದಕ್ಕೆ ಉಸಿರಾಡಲು ಇಷ್ಟು, ಬಾಣಂತಿ ಮೈ ಊದುವುದಕ್ಕೆ ಇಷ್ಟು. "ಮೂವತ್ತು ಕೊಡಿ" ಎಂದಳು. ಅಂಗಡಿಯವನು ಗಂಡಸು, ಮುಖ ಎತ್ತಿಯೂ ನೋಡದೆ ಮೂವತ್ತನ್ನು ಕಟ್ಟಿಕೊಟ್ಟ.

ಎರಡು ದಿನ ಹಾಯಾಗಿತ್ತು. ಅದೇ ಕೆಟ್ಟದ್ದಾಯಿತು ನೋಡಿ. ಹಾಯಾಗಿಲ್ಲದಿದ್ದರೆ ಆ ಹೆಂಗಸು ಇನ್ನೊಂದು ಸಲ ಯೋಚನೆ ಮಾಡುತ್ತಿದ್ದಳೇನೋ. "ಅಳತೆ ಅಂದ್ರೆ ಇದು" ಎಂದು ಪಕ್ಕದ ಕುರ್ಚಿಯವಳಿಗೆ ಹೇಳಿ ನಕ್ಕಳು. ಮೂರನೆಯ ದಿನ ಬಾಟಲಿಯಲ್ಲಿ ಹಾಲು ನಲವತ್ತರ ಗೆರೆಯಿಂದ ಮೂವತ್ತಕ್ಕೆ ಇಳಿಯಿತು. ಐದನೆಯ ದಿನ ಇಪ್ಪತ್ತು. ಪಂಪು ತೆಗೆದಾಗ ಎದೆ ಊದಿಕೊಂಡಿರುತ್ತಿತ್ತು, ಗಟ್ಟಿಯಾಗಿರುತ್ತಿತ್ತು, ಬಾಟಲಿ ಮಾತ್ರ ಬರಿದು. ನರ್ಸೊಬ್ಬಳು ತೂತುಗಳಿದ್ದ ಒಂದು ಕಾರ್ಡು ಹಿಡಿದು ಬಂದಳು. "ಒಂದ್ಸಲ ಸೈಜ್ ನೋಡ್ಬಿಡೋಣಮ್ಮ" ಎಂದಳು. "ನಾನೇ ಟೈಲರು. ಊರಿಗೆಲ್ಲ ಅಳತೆ ತೆಗೆಯೋಳು ನಾನು" ಎಂದಳು ಟೇಪಕ್ಕ. ಹದಿನಾರು ಮಕ್ಕಳನ್ನು ನೋಡಿಕೊಳ್ಳಬೇಕಾಗಿದ್ದ ನರ್ಸು ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೋದಳು.

ಇನ್ನು ಅತ್ತೆಯ ವಿಷಯ. ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ಮಗನನ್ನು ಸಾಕಿದ ಹೆಂಗಸು, ಬಾಯಿ ಜೋರು. ಅತ್ತೆಯ ಬಾಯಿಯೂ ಸೊಸೆಯ ಬಾಯಿಯೂ ಒಂದೇ ಮನೆಯಲ್ಲಿ ಇರಬೇಕಾದರೆ ಗೋಡೆಗಳಿಗೆ ಕಿವಿ ಇಲ್ಲದಿದ್ದರೇ ಒಳ್ಳೆಯದು. ಆದರೂ ದಿನಕ್ಕೆ ಎರಡು ಸಲ ಎರಡು ಬಸ್ಸು ಹತ್ತಿ ಬಂದು ಪಂಪಿನ ಭಾಗಗಳನ್ನು ಬಿಸಿನೀರಲ್ಲಿ ಕುದಿಸಿ, ಒರೆಸದೆ ಆರಿಸಿ ಜೋಡಿಸಿಡುತ್ತಿದ್ದವಳು ಅವಳೇ. ಎಂಟು ತಾಯಂದಿರ ಲಾಳಿಕೆಗಳು ಸಿಂಕಿನ ಪಕ್ಕದಲ್ಲಿ ಸಾಲಾಗಿ ಬೋರಲು ಬಿದ್ದಿರುತ್ತಿದ್ದವು. ಒಂಬತ್ತನೆಯ ದಿನವೋ ಏನೋ, ಮುದುಕಿ ಸೊಸೆಯ ಲಾಳಿಕೆಯನ್ನು ಎತ್ತಿ ಕೊಳವೆಯೊಳಗೆ ಹೆಬ್ಬೆರಳು ಹಾಕಿ ನೋಡಿದಳು.

"ಇದು ದೊಡ್ಡದಾಯ್ತೇನೋ ಕಣಮ್ಮ," ಎಂದಳು. "ನನ್ನ ಹೆಬ್ಬೆಟ್ಟು ಒಳಗೆ ಹೋಗಿ ಆಟ ಆಡುತ್ತೆ. ಪಕ್ಕದೋಳು ಕೊಂಡು ತಂದಿರೋದು ಇದರ ಅರ್ಧ ಇದೆ, ಅವಳ ಬಾಟ್ಲಿ ನೋಡು ಹೇಗೆ ತುಂಬುತ್ತೆ. ಲಾಳಿಕೆ ಸೀಸೆ ಬಾಯಿಗೆ ಹೊಂದಬೇಕು ಕಣೇ, ಇಲ್ದಿದ್ರೆ ಎಲ್ಲಾ ಆಚೆ."

"ಅಳತೆ ನನಗೆ ಹೇಳಿಕೊಡ್ತೀರಾ ಅತ್ತೆ? ಸಾರು ಬಡಿಸೋ ಕೆಲಸ ಅಲ್ಲ ಇದು."

ಮುದುಕಿ ಆವತ್ತು ಲಾಳಿಕೆಯನ್ನು ಮತ್ತೆ ಸಾಲಿನಲ್ಲಿ ಬೋರಲು ಹಾಕಿದಳು. ಮಾರನೆಯ ದಿನ ಬರುವಾಗ ಕೈಯಲ್ಲೊಂದು ಪೊಟ್ಟಣ, ಹತ್ತೊಂಬತ್ತರ ಲಾಳಿಕೆ. "ಹಾಕಿ ನೋಡಮ್ಮ, ಆಗದಿದ್ರೆ ಬಿಸಾಕು." ಟೇಪಕ್ಕ ಪೊಟ್ಟಣ ಒಡೆಯಲೂ ಇಲ್ಲ. ಪರದೆ ಸರಿಸಿ ಪಕ್ಕದ ಕುರ್ಚಿಯವಳಿಗೆ, "ತಗೊಳ್ಳಿ, ನಿಮಗೆ ಬೇಕಾದೀತು" ಎಂದು ಕೊಟ್ಟುಬಿಟ್ಟಳು, ಅತ್ತೆಯ ಮುಖ ನೋಡಿಕೊಂಡೇ. ಮುದುಕಿಗೂ ರೋಷ ಇರುವುದಿಲ್ಲವೇ? ಎಂಟು ಜನ ತಾಯಂದಿರ ಮುಂದೆ ಅವಳ ಬಾಯಿಂದ ಬಂದೇ ಬಿಟ್ಟಿತು: "ಊರಿಗೆಲ್ಲ ಹೊಲಿದು ಕೊಡ್ತೀಯ, ಹೆತ್ತ ಕೂಸಿಗೆ ಒಂದು ಲೋಟ ಹಾಲು ಕೊಡೋಕೆ ಯೋಗ್ಯತೆ ಇಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ತಕ್ಷಣ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ಎಲ್ಲರೂ ನೋಡಿದರು. ಹತ್ತೊಂಬತ್ತನೆಯ ದಿನ ಟೇಪಕ್ಕನ ಬಾಟಲಿಯಲ್ಲಿ ತಳ ಒದ್ದೆಯಾಗುವಷ್ಟು ಹಾಲು ಬಂತು. ಇಪ್ಪತ್ತೊಂದನೆಯ ದಿನ ಅದೂ ಇಲ್ಲ. ನರ್ಸು ಡಬ್ಬಿ ಹಾಲು ಕಲಸಿದಳು. ಪಂಪಿನ ಸ್ಟ್ಯಾಂಡು ಹಿಡಿದುಕೊಂಡು ಟೇಪಕ್ಕ ಅತ್ತದ್ದು ಹೊರಗಿನ ಓಣಿಗೂ ಕೇಳಿತು. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ, "ನಿಮ್ಮ ನಾಲಿಗೆಗೇ ನನ್ನ ಹಾಲು ಬತ್ತಿತು. ಇನ್ನು ನನ್ನ ಮಗುನ ಮುಟ್ಟಬೇಡಿ" ಎಂದಳು.

ಕೂಸು ಬದುಕಿತು, ನಲವತ್ತೆರಡನೆಯ ದಿನ ಮನೆಗೂ ಬಂತು. ಡಬ್ಬಿ ಹಾಲಿಗೇ ಗುಂಡಗುಂಡಗೆ ಬೆಳೆಯಿತು. ಅಲ್ಲಿಗೆ ಸಿಟ್ಟು ಇಳಿಯಬೇಕಾಗಿತ್ತು. ಬೇರೆಯವರಿಗಾದರೆ ಇಳಿಯುತ್ತಿತ್ತು. ಟೇಪಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು. ಅಂಗಡಿಗೆ ಬಂದ ಪ್ರತಿ ಹೆಂಗಸಿಗೂ ಅತ್ತೆಯ ಆ ಮಾತನ್ನು ಹೇಳಿದಳು, ಧ್ವನಿ ಸಮೇತ ಅತ್ತೆಯಂತೆಯೇ ಹೇಳಿದಳು. ಕೇಳಿದವರು ಅಯ್ಯಯ್ಯೋ ಎಂದರು, ಮನಸ್ಸು ನೊಂದರೆ ಹಾಲು ನಿಲ್ಲದೆ ಇನ್ನೇನು ಎಂದರು. ಹೆಬ್ಬೆಟ್ಟಿನ ಮಾತು, ಹತ್ತೊಂಬತ್ತರ ಪೊಟ್ಟಣ, ಬಾಯಿಗೆ ಹೋದ ಸೆರಗು, ಇವನ್ನು ಯಾರಿಗೂ ಹೇಳಲಿಲ್ಲ. ಟೈಲರಲ್ಲವೇ, ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಮೇಜಿನ ಕೆಳಗೆ ತಳ್ಳಿದಳು. ಬಸುರಿಯರು ಬಂದರೆ ಉಪದೇಶ ಬೇರೆ: "ಪಂಪು ತಗೊಂಡ್ರೆ ಮೆತ್ತಂದು ತಗೊಳ್ಳಿ, ಒಂದು ಸೈಜು ದೊಡ್ಡದೇ ತಗೊಳ್ಳಿ. ಕಚ್ಚಬಾರದು ನೋಡಿ." ಹಾಗೆ ಎಷ್ಟು ಜನಕ್ಕೆ ಹೇಳಿದಳೋ.

ಮನೆ ಎಂದರೆ ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಅತ್ತೆಯ ಮಂಚ. ಮೊದಲ ತಿಂಗಳು ಮುದುಕಿ ಕೇಳಿದಳು, "ಒಂದ್ಸಲ ಕೊಡಮ್ಮ, ಎತ್ಕೊಂಡು ಕೊಟ್ಬಿಡ್ತೀನಿ." ಟೇಪಕ್ಕ ಮಗುವನ್ನು ಒಳಗೆ ಎತ್ತಿಕೊಂಡು ಹೋದಳು. ಮಗು ಕೂರಲು ಕಲಿತಾಗ ಕೇಳಿದಳು. ಮೊದಲ ಹೆಜ್ಜೆ ಇಟ್ಟಾಗ ಕೇಳಿದಳು, "ನನ್ನ ಕಡೆ ಬಿಡೇ, ನಡೆದು ಬರ್ತಾಳೇನೋ ನೋಡೋಣ." ಟೇಪಕ್ಕ ಮಗುವಿನ ಮುಖವನ್ನು ಆಚೆ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಮುದುಕಿ ಕೇಳುವುದನ್ನೇ ಬಿಟ್ಟಳು.

ಗಂಡ ಏನು ಮಾಡುತ್ತಿದ್ದ ಎಂದು ಕೇಳುತ್ತೀರಿ. ಅವನದು ಮನೆಮನೆಯ ನೀರಿನ ಮೀಟರು ಓದುವ ಕೆಲಸ. ಓದಿದ್ದನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುವುದು, ಯಾರ ಜೊತೆಯೂ ಮಾತಾಡಬೇಕಾಗಿಲ್ಲ. ತನ್ನ ಮನೆಯಲ್ಲೂ ಅವನು ಅಷ್ಟೇ ಮಾಡಿದ.

ಗುಂಡಿಗೆ ಬುದ್ಧಿ ಬಂದ ಮೇಲೆ ಒಂದು ದಿನ ಕೇಳಿದಳು, "ಅಮ್ಮ, ಅಜ್ಜಿ ಯಾಕೆ ನನ್ನ ಮುದ್ದು ಮಾಡಲ್ಲ? ಎದುರುಮನೆ ಅಜ್ಜಿ ಮಾಡ್ತಾರಲ್ಲ." ಟೇಪಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಅವರಿಗೆ ನೀನು ಬೇಡವಾಗಿದ್ದೆ. ನಿನ್ನ ಕಂಡ್ರೆ ಆಗಲ್ಲ ಅವರಿಗೆ" ಎಂದಳು. ಅಷ್ಟೇ. ಒಂದು ಸಲ ಹೇಳಿದ್ದು ಸಾಕಾಯಿತು. ಮಕ್ಕಳು ಇಂಥ ಮಾತನ್ನು ಎರಡನೇ ಸಲ ಕೇಳುವುದಿಲ್ಲ.

ಗುಂಡಿಗೆ ಒಂಬತ್ತು ವರ್ಷವಾದಾಗ ಮುದುಕಿ ಹಾಸಿಗೆ ಹಿಡಿದಳು. ಕೊನೆಯ ವಾರ ಮಾತು ಸಣ್ಣಗಾಗಿತ್ತು. ಶಾಲೆಯಿಂದ ಬಂದ ಮೊಮ್ಮಗಳು ಚೀಲ ಇಡುವಾಗ ಮಂಚದಿಂದ ಕೈ ಚಾಚಿ, "ಇಲ್ಲಿ ಬಾರೇ ಗುಂಡಿ, ಹತ್ರ ಕೂತ್ಕೋ" ಎಂದಳು. ಗುಂಡಿ ಬಾಗಿಲಲ್ಲೇ ನಿಂತು, "ನಿಮಗೆ ನನ್ನ ಕಂಡ್ರೆ ಆಗಲ್ವಲ್ಲ" ಎಂದಳು. ಕಡ್ಡಿ ತುಂಡು ಮಾಡಿದ ಹಾಗೆ ಅಂದು ಒಳಗೆ ಹೋದಳು, ತಾಯಿಯ ಮಗಳು. ಟೇಪಕ್ಕ ಅಲ್ಲಿಯೇ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಮುದುಕಿ ಸೊಸೆಯ ಮುಖವನ್ನು ನೋಡಿದಳು. ಸೊಸೆ ಗಂಜಿಯನ್ನು ಚಮಚದಿಂದ ಆರಿಸಿದಳು. ನಾಲ್ಕು ದಿನಕ್ಕೆ ಮುದುಕಿ ಹೋದಳು. ಗುಂಡಿ ಅಳಲಿಲ್ಲ, ಯಾಕೆ ಅಳಬೇಕು ಎಂದು ಕೇಳಿದಳು.

ಇದಾಗಿ ಮೂರು ವರ್ಷಕ್ಕೆ, ಅಂದರೆ ಈ ವರ್ಷ, ಟೇಪಕ್ಕನ ತಂಗಿಗೆ ಮಗುವಾಯಿತು. ತಂಗಿ ದೊಡ್ಡ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು. ರಜೆ ಮುಗಿಯುತ್ತಾ ಬಂದಿತ್ತು, ಪಂಪು ಬೇಕು. ಗೆಳತಿಯಿಂದ ಇಸಿದುಕೊಂಡ ಪಂಪಿನ ಲಾಳಿಕೆ ಅವಳಿಗೆ ನೋಯುತ್ತಿತ್ತು. "ಮೆತ್ತಂದು ತಗೊಳ್ಳೋಣ ಬಾ. ಅಳತೆ ನನಗೆ ಬಿಡು" ಎಂದು ಟೇಪಕ್ಕ ಹೊರಟಳು. ಶಾಲೆಗೆ ರಜೆ ಇದ್ದುದರಿಂದ ಗುಂಡಿಯೂ ಜೊತೆಗೆ ಬಂದಳು, ಚಿಕ್ಕಮ್ಮನ ಕೂಸನ್ನು ಎತ್ತಿಕೊಳ್ಳುವ ಆಸೆಗೆ.

ಪಂಪು ಮಾರುವ ಅಂಗಡಿಯಲ್ಲಿದ್ದ ಹೆಂಗಸು ಮೊದಲು ನರ್ಸಾಗಿದ್ದವಳಂತೆ. ತಂಗಿಯನ್ನು ಒಳಕೋಣೆಗೆ ಕರೆದು, ತೂತುಗಳಿದ್ದ ಕಾರ್ಡಿನಲ್ಲಿ ನೋಡಿ, ಎರಡು ನಿಮಿಷಕ್ಕೆ ಹೊರಗೆ ಬಂದಳು. "ಹದಿನೈದು ಇದೆ. ಹದಿನೇಳರದ್ದು ಕೊಡ್ತೀನಿ. ಅವರು ಇಷ್ಟು ದಿನ ಇಪ್ಪತ್ತನಾಲ್ಕು ಹಾಕ್ತಿದ್ದಾರೆ, ನೋಯದೆ ಇನ್ನೇನಾಗುತ್ತೆ."

"ಹದಿನೇಳು ತೀರಾ ಬಿಗಿ ಆಗುತ್ತೆ," ಎಂದಳು ಟೇಪಕ್ಕ. "ಸ್ವಲ್ಪ ಸಡಿಲ ಇರಲಿ. ನಾನು ಟೈಲರು, ನನಗೆ ಗೊತ್ತು."

"ಬಟ್ಟೆ ಅಲ್ಲ ಕಣ್ರೀ ಇದು," ಎಂದು ಆ ಹೆಂಗಸು ನಕ್ಕಳು. ಒಂದು ದೊಡ್ಡ ಲಾಳಿಕೆ ತೆಗೆದು ತನ್ನ ಹೆಬ್ಬೆರಳನ್ನು ಕೊಳವೆಯೊಳಗೆ ಹಾಕಿ ಆಡಿಸಿ ತೋರಿಸಿದಳು. "ನೋಡಿ, ಹೀಗೆ ಆಟ ಆಡಬಾರದು. ಅಳೆಯೋದು ತೊಟ್ಟು ಮಾತ್ರ, ಸುತ್ತಲಿನ ಕಪ್ಪು ಸೇರಿಸೋ ಹಾಗಿಲ್ಲ. ದೊಡ್ಡದು ಹಾಕಿದ್ರೆ ಆ ಕಪ್ಪು ಭಾಗಾನೂ ಒಳಗೆ ಎಳ್ಕೊಳ್ಳುತ್ತೆ, ಊದ್ಕೊಳ್ಳುತ್ತೆ, ಹಾಲು ಇಳಿಯೋ ದಾರಿನೇ ಒತ್ತಿ ಹೋಗುತ್ತೆ. ಸಿಲಿಕೋನ್ ಮೆತ್ತಗಿರುತ್ತಲ್ಲ, ನೋವು ಅಷ್ಟಾಗಿ ಗೊತ್ತಾಗಲ್ಲ. ಹಾಯಾಗಿದೆ ಅಂದ್ಕೊಂಡು ಅದನ್ನೇ ಹಾಕ್ತಾ ಇರ್ತಾರೆ. ಎದೆ ಖಾಲಿ ಆಗ್ಲಿಲ್ಲ ಅಂದ್ರೆ ಹೊಸ ಹಾಲು ಬರಲ್ಲ. ಎರಡು ಮೂರು ವಾರಕ್ಕೆ ನಿಂತೇ ಹೋಗುತ್ತೆ. ಎಷ್ಟೋ ಜನ ನನಗೆ ಹಾಲೇ ಇಲ್ಲ ಅಂತ ಅತ್ಕೊಂಡು ಬರ್ತಾರೆ. ನೋಡಿದ್ರೆ ಹಾಲಿರುತ್ತೆ, ಸೈಜ್ ತಪ್ಪಿರುತ್ತೆ."

ಹೆಬ್ಬೆರಳು ಇನ್ನೂ ಕೊಳವೆಯೊಳಗೇ ಇತ್ತು. ಟೇಪಕ್ಕ ಅದನ್ನೇ ನೋಡುತ್ತಿದ್ದಳು. "ಮೂವತ್ತು ಹಾಕಿದ್ರೆ?" ಎಂದು ಕೇಳಿದಳು.

"ಯಾರಿಗೆ?"

"ಯಾರಿಗೋ. ಒಬ್ಬಳಿಗೆ."

"ಮೂವತ್ತಾ! ಪಾಪ" ಎಂದಳು ಆ ಹೆಂಗಸು.

ತಂಗಿ ಹದಿನೇಳರದ್ದನ್ನೇ ಕೊಂಡಳು. ಕೂಸನ್ನು ಎತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ ಗುಂಡಿ ತಾಯಿಯನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ತಂಗಿ, "ಅಕ್ಕ, ಯಾಕೆ ಹೀಗಿದ್ದೀಯ?" ಎಂದಾಗ ಟೇಪಕ್ಕ, "ಬಿಸಿಲು" ಎಂದಳು.

ತನ್ನ ಅಂಗಡಿಗೆ ಬಂದವಳೇ ಬಾಗಿಲು ಅರ್ಧ ಎಳೆದುಕೊಂಡು ಪರದೆಯ ಹಿಂದೆ ಹೋದಳು. ಆ ಹೆಂಗಸಿನ ಹತ್ತಿರ ಕಾರ್ಡೊಂದನ್ನು ಕೇಳಿ ತಂದಿದ್ದಳು. ತೂತು ಒಂದೊಂದಾಗಿ ಹಿಡಿದು ನೋಡಿದಳು. ಹದಿನಾರಕ್ಕೆ ಸರಿಯಾಗಿ ಕೂತಿತು. ಈಗ ಬಾಣಂತಿಯಲ್ಲವಲ್ಲ, ಆಗ ದೊಡ್ಡದಿದ್ದಿರಬೇಕು ಎಂದುಕೊಂಡಳು. ಇರಲಿ, ಎರಡು ಮೂರು ಸೇರಿಸಿದರೂ ಹತ್ತೊಂಬತ್ತು. ಮುದುಕಿ ತಂದಿದ್ದು ಎಷ್ಟರದ್ದು? ಅಳತೆ ಪಟ್ಟಿ ಇಲ್ಲದೆ, ಕಾರ್ಡು ಇಲ್ಲದೆ, ಬರೀ ಹೆಬ್ಬೆಟ್ಟಿನಲ್ಲಿ ನೋಡಿ ಹತ್ತೊಂಬತ್ತು ತಂದಿದ್ದಳು. ಕಾರ್ಡನ್ನು ತಿರುಗಿಸಿ ಕೊನೆಯ ತೂತು ನೋಡಿದಳು. ಇಪ್ಪತ್ತೆಂಟಕ್ಕೆ ಮುಗಿದಿತ್ತು. ಮೂವತ್ತರ ತೂತು ಆ ಕಾರ್ಡಿನಲ್ಲಿ ಇರಲೇ ಇಲ್ಲ.

ಮೂವತ್ತರ ಲಾಳಿಕೆ ಎಲ್ಲಿತ್ತು ಗೊತ್ತೇ? ಅವಳ ತಲೆಯ ಹತ್ತಿರವೇ, ಮೊಳೆಯ ಮೇಲೆ. ಏನನ್ನೂ ಎಸೆಯದ ಹೆಂಗಸು ಅದನ್ನು ಯಂತ್ರಕ್ಕೆ ಎಣ್ಣೆ ಸುರಿಯಲು ಇಟ್ಟುಕೊಂಡಿದ್ದಳು. ಹನ್ನೆರಡು ವರ್ಷದ ಎಣ್ಣೆ ಜಿಡ್ಡು ಕುಡಿದು ಹಳದಿಯಾಗಿತ್ತು. ಕೆಳಗಿಳಿಸಿ ಕೊಳವೆಗೆ ಹೆಬ್ಬೆರಳು ಹಾಕಿದಳು. ಬೆರಳು ಒಳಗೆ ಆಟ ಆಡಿತು. ಅವಳು ಅಲ್ಲಿಯೇ, ಬಟ್ಟೆಯ ಚೂರುಗಳ ಮೇಲೆ ಕೂತುಬಿಟ್ಟಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅವಳೇ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದಳು!

ಸಂಜೆ ಗಂಡ ಬಂದು ಬೂಟು ಬಿಚ್ಚುತ್ತಿದ್ದಾಗ ಕೇಳಿದಳು, "ರೀ, ಆಸ್ಪತ್ರೇಲಿ ಅತ್ತೆ ಒಂದು ಚಿಕ್ಕ ಫನೆಲ್ ತಂದಿದ್ರಲ್ಲ, ನೆನಪಿದೆಯಾ?"

"ಇದೆ. ನಾನೇ ಅಂಗಡಿಗೆ ಕರ್ಕೊಂಡು ಹೋಗಿದ್ದೆ."

"ಅದರ ಬಗ್ಗೆ ಆಮೇಲೆ ಏನಾದ್ರೂ ಅಂದಿದ್ರಾ?"

ಅವನು ಬೂಟಿನ ದಾರ ಹಿಡಿದುಕೊಂಡೇ ಕೂತ. "ಸಾಯೋವರೆಗೂ ಅದನ್ನೇ ಅಂತಿದ್ಲು. ಲಾಳಿಕೆ ದೊಡ್ಡದಾಯ್ತು ಕಣೋ, ಅವಳಿಗೆ ಹಾಲಿತ್ತು ಕಣೋ ಅಂತ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ ನೀವು?"

"ನಿನಗಾ?" ಎಂದ ಅವನು. ಬಿಚ್ಚಿದ ಬೂಟನ್ನು ಗೋಡೆಯ ಕಡೆ ತಳ್ಳಿ, "ಇರೋ ಜಗಳ ಸಾಲದಾ ಅಂತ ಸುಮ್ನಾದೆ" ಎಂದ.

ಟೇಪಕ್ಕನಿಗೆ ಉರಿದುಹೋಯಿತು. ಗಂಡಸಾ ನೀವು, ಬಾಯಲ್ಲಿ ಏನಿಟ್ಟುಕೊಂಡಿದ್ದಿರಿ, ಹನ್ನೆರಡು ವರ್ಷ, ಹೆತ್ತ ತಾಯಿ ಎಂದು ಶುರು ಮಾಡಿದಳು. ಬೈಯುತ್ತಾ ಬೈಯುತ್ತಾ ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ, ಇವನದೇ ತಪ್ಪು, ಪೂರಾ ಇವನದೇ ಎನಿಸಿತು. ಮರುಕ್ಷಣವೇ ಆ ಹಗುರ ಹೋಯಿತು. ತಾನು ಹೊಸದೊಂದು ಮೊಲ ಹಿಡಿಯುತ್ತಿದ್ದೇನೆ ಎಂದು ಅವಳಿಗೇ ಗೊತ್ತಾಯಿತು. ಅರ್ಧ ಮಾತಿನಲ್ಲಿ ಬಾಯಿ ಮುಚ್ಚಿ ಮೆಟ್ಟಿಲ ಕೆಳಗೆ ಹೋಗಿ ಯಂತ್ರದ ಮುಂದೆ ಕೂತಳು.

ಸ್ವಲ್ಪ ಹೊತ್ತಿಗೆ ಗುಂಡಿ ಬಂದಳು. ರಜೆಯಲ್ಲಿ ಅವಳು ಕಾಜಾ ಹೊಲಿಯಲು, ಗುಂಡಿ ಹಚ್ಚಲು ಕಲಿಯುತ್ತಿದ್ದಳು. ಸ್ಟೂಲು ಎಳೆದುಕೊಂಡು ಶಾಲೆಯ ಅಂಗಿಯೊಂದನ್ನು ಮಡಿಲಿಗೆ ಹಾಕಿಕೊಂಡಳು. ಎರಡು ಗುಂಡಿ ಹಚ್ಚಿದಳು.

"ಅಮ್ಮ, ಅಂಗಡೀಲಿ ಮೂವತ್ತು ಅಂದ್ಯಲ್ಲ, ಅದು ನಿಂದೇ ಅಲ್ವಾ?"

ಇಲ್ಲ ಎನ್ನಬಹುದಾಗಿತ್ತು. ಮಕ್ಕಳಿಗೇಕೆ ಇವೆಲ್ಲ ಎಂದು ಗದರಿಸಬಹುದಾಗಿತ್ತು. ಹೇಳಿದರೆ ಮುದುಕಿ ಎದ್ದು ಬರುವುದಿಲ್ಲ. ಹೇಳದಿದ್ದರೆ ಮಗಳಾದರೂ ಮಗಳಾಗಿ ಉಳಿಯುತ್ತಾಳೆ. ಟೇಪಕ್ಕ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಂದೇ," ಎಂದಳು. "ಅಜ್ಜಿ ಮಾತಿಗೆ ಹಾಲು ಬತ್ತಿದ್ದಲ್ಲ. ನಾನು ತಪ್ಪು ಅಳತೆ ತಗೊಂಡೆ. ದೊಡ್ಡದಾಯ್ತು ಅಂತ ಅಜ್ಜಿ ಹೇಳಿದ್ರು, ಚಿಕ್ಕದು ತಂದೂ ಕೊಟ್ರು. ನಾನು ಹಾಕ್ಕೊಳ್ಳಲಿಲ್ಲ."

ಗುಂಡಿ ದಾರವನ್ನು ಹಲ್ಲಿನಿಂದ ಕಡಿದಳು. "ಮತ್ತೆ ಅಜ್ಜಿಗೆ ನಾನು ಬೇಡವಾಗಿದ್ದೆ ಅಂದೆ?"

"ಸುಳ್ಳು ಹೇಳಿದೆ. ಎತ್ಕೊಳ್ತೀನಿ ಕೊಡು ಅಂತ ಅವರೇ ಕೇಳ್ತಿದ್ರು. ನಾನು ಕೊಡಲಿಲ್ಲ."

"ಎಷ್ಟು ಸಲ ಕೇಳಿದ್ರು?"

"ಮೂರು ಸಲ. ಆಮೇಲೆ ಬಿಟ್ಟುಬಿಟ್ರು." ಟೇಪಕ್ಕ ಬಿಚ್ಚಿದ ಟೇಪನ್ನು ಮತ್ತೆ ಬೆರಳಿಗೆ ಸುತ್ತಿದಳು. "ನಿನಗೆ ಗುಂಡಿ ಅಂತ ಮೊದಲು ಕರೆದಿದ್ದೂ ಅವರೇ."

ಹುಡುಗಿ ಅಳುತ್ತಾಳೆ, ಕೂಗಾಡುತ್ತಾಳೆ ಎಂದು ಟೇಪಕ್ಕ ಕಾದಳು. ಗುಂಡಿ ಅಳಲಿಲ್ಲ. ಮಡಿಲಲ್ಲಿದ್ದ ಅಂಗಿಯನ್ನು ನೋಡುತ್ತಾ ಏನನ್ನೋ ಲೆಕ್ಕ ಹಾಕುವವಳಂತೆ ಕೂತಿದ್ದಳು.

"ಅವತ್ತು ಅಜ್ಜಿ ಹತ್ರ ಕೂತ್ಕೋ ಅಂದಾಗ ನಾನು ಹಾಗಂದೆನಲ್ಲ," ಎಂದಳು. "ನೀನು ಗಂಜಿ ಹಿಡ್ಕೊಂಡು ಅಲ್ಲೇ ಇದ್ದೆ."

"ಇದ್ದೆ."

"ಅವಾಗ ಹೇಳಬಹುದಿತ್ತು."

ಗುಂಡಿ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿ, ಅಂಗಿಯನ್ನು ತಾಯಿ ಕಲಿಸಿದಂತೆಯೇ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಎದ್ದಳು. "ಬಾರೇ ಇಲ್ಲಿ, ಹತ್ರ ಕೂತ್ಕೋ" ಎಂದು ಟೇಪಕ್ಕ ಕೈ ಚಾಚಿದಳು. ಗುಂಡಿ ಬಾಗಿಲ ಹತ್ತಿರ ಒಂದು ಗಳಿಗೆ ನಿಂತಳು, ಆಮೇಲೆ ಮೆಟ್ಟಿಲು ಹತ್ತಿ ಮೇಲೆ ಹೋದಳು.